ಬೇಡುವುದು, ನೀಡುವುದು, ಒಲ್ಲೆನೆನ್ನುವುದು, ಬಿಡುವುದು: ಇಂಗ್ಲಿಷಿನ ಕೆಲವು ಕ್ರಿಯಾಪದಗಳ ಪಾಠ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ವರದಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಇತರರು ಬರೆಯುವರಾದುದರಿಂದ, ನಾವು ಒಂದು ಪಾಠವನ್ನೇ ಬರೆದುಕೊಡುವುದು ಮೇಲೆಂದು ತೋರಿತು. ಉಪಾಧ್ಯಾಯಿನಿಯ ಕೈಲಾಗುವ ಉಡುಗೊರೆ ಅಷ್ಟೇ ತಾನೆ. ಅಲ್ಲದೆ ಈ ಪಾಠವನ್ನು ನಾವು ಹಲವು ವರ್ಷ ಸರಿಯಾಗಿ ಹೇಳಿಕೊಡಲಿಲ್ಲ. ಹಾಗೆ ಕಲಿತುಹೋದವರಿಗೆ ತಿದ್ದಿಕೊಡುವ ಹೊಣೆಯೂ ನಮ್ಮದೇ.

ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಓದಿಹೋದ ಹುಡುಗಿಯೊಬ್ಬಳಿಗೆ ಬೇರೊಂದು ಊರಿನ ಕಛೇರಿಯಿಂದ ಕೆಲಸದ ಕಾಗದ ಬಂದಿತು. ಆಕೆಯ ತಂದೆ ನಿವೃತ್ತರಾಗಿದ್ದರು. ತಾಯಿ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರು. ಒಂದು ತಿಂಗಳು ತಡೆದು ಬಂದು ಸೇರಬಹುದೇ ಎಂದು ಕೇಳುವುದಷ್ಟೇ ಆಕೆಯ ಇಷ್ಟ. ಆದರೆ ಉತ್ತರ ಬರೆಯುವಾಗ ಶಾಲೆಯ ಟಿಪ್ಪಣಿ ಪುಸ್ತಕವನ್ನು ತೆಗೆದು, ಅಲ್ಲಿದ್ದ ಮಾತುಗಳಲ್ಲಿ ಗಂಭೀರವಾಗಿ ಕಂಡದ್ದನ್ನು ಆರಿಸಿ, ತಮ್ಮ ಕೆಲಸವನ್ನು ಒಂದು ತಿಂಗಳ ಮಟ್ಟಿಗೆ 'ರಿಜೆಕ್ಟ್' ಮಾಡುತ್ತೇನೆಂದು ಬರೆದಳು. ಎರಡೇ ಸಾಲಿನ ಜವಾಬು ಬಂದಿತು: ಕೆಲಸವನ್ನು ಬೇರೊಬ್ಬರಿಗೆ ಕೊಟ್ಟಾಗಿದೆ.

ಆಕೆ ಆ ಪುಸ್ತಕವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದಳು. ನಾವೇ ಬರೆಯಿಸಿದ ಸಾಲು ಅದರಲ್ಲಿತ್ತು: 'ರೆಫ್ಯೂಸ್, ಡಿಕ್ಲೈನ್, ರಿಜೆಕ್ಟ್, ಸ್ಪರ್ನ್ — ನಿರಾಕರಿಸು.' ನಾಲ್ಕು ಮಾತಿಗೆ ಒಂದೇ ಅರ್ಥ. ಆಕೆ ನಮ್ಮನ್ನು ದೂರಲಿಲ್ಲ. "ಯಾವ ಮಾತನ್ನು ಬರೆಯಬೇಕಾಗಿತ್ತು, ಮಿಸ್?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆಯಿಸುವ ಈ ಪದಗಳು ನಿಜವಾಗಿ ಸಮಾನವಲ್ಲ. ಆಡುವವರು ಕೇಳುವವರಿಗಿಂತ ಮೇಲಿರುವರೋ ಕೆಳಗಿರುವರೋ, ಬಿಟ್ಟದ್ದು ತಮ್ಮದೋ ಪರರದೋ, ಮನಸ್ಸಿನಿಂದ ಬಿಟ್ಟರೋ ಬಲಾತ್ಕಾರದಿಂದಲೋ ಎಂಬುದನ್ನು ಒಂದೊಂದು ಪದವೂ ಹೇಳುತ್ತದೆ. ಇದನ್ನು ತಿಳಿಯಲು ದೊಡ್ಡ ನಿಘಂಟು ಬೇಕಿಲ್ಲ. ನಮ್ಮ ಮಕ್ಕಳೆಲ್ಲರೂ ಬಲ್ಲ ಪುಣ್ಯಕೋಟಿಯ ಕಥೆಯಲ್ಲಿ ಬೇಡುವುದೂ ಇದೆ, ನೀಡುವುದೂ ಇದೆ, ಒಲ್ಲೆನೆನ್ನುವುದೂ ಇದೆ, ಬಿಡುವುದೂ ಇದೆ. ಆ ಕಥೆಯನ್ನೇ ಹಿಡಿದು ನಡೆಯೋಣ.

೧. ಬೇಡುವ ಮಾತುಗಳು

ಕನ್ನಡದಲ್ಲಿ ಕೇಳು, ಕೋರು, ಬೇಡು, ಯಾಚಿಸು, ಅಂಗಲಾಚು, ಗೋಗರೆ ಎಂಬ ಮಾತುಗಳುಂಟಷ್ಟೆ. ನೆರೆಮನೆಗೆ ಹೋಗಿ ಒಂದು ಚಮಚ ಹೆಪ್ಪನ್ನು ಕೇಳುವವಳು ಅಂಗಲಾಚುವುದಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ ಮೆಟ್ಟಿಲುಗಳಿವೆ.

'ರಿಕ್ವೆಸ್ಟ್' ಎಂಬುದು ನಿತ್ಯದ ಮರ್ಯಾದೆಯ ಮಾತು. ರಜೆಗೂ ಪ್ರಮಾಣಪತ್ರಕ್ಕೂ ಅದು ಸಾಕು. 'ಬೆಗ್' ಎಂದರೆ ಕೈಚಾಚಿ ಬೇಡುವುದು. ಹಳೆಯ ಅರ್ಜಿಗಳ ಮೊದಲಿಗೆ ಅದು ಬಿನ್ನಹದ ರೂಢಿಯಾಗಿ ಬರುತ್ತಿತ್ತು. ಅದನ್ನು ನೋಡಿ ಈಗ ನಕಲು ಮಾಡಬೇಕಾದ್ದಿಲ್ಲ. 'ಪ್ಲೀಡ್' ಎಂದರೆ ಕಾರಣಗಳನ್ನು ಮುಂದಿಟ್ಟು ಬೇಡುವುದು. ವಕೀಲರನ್ನು ನಮ್ಮ ಹಿರಿಯರು 'ಪ್ಲೀಡರು' ಎನ್ನುತ್ತಿದ್ದುದು ಇದರಿಂದಲೇ. ಪುಣ್ಯಕೋಟಿಯು ಹುಲಿಯ ಮುಂದೆ ಮಾಡಿದ್ದು ಇದನ್ನೇ: ಕರು ಹಸಿದಿದೆ, ಹಾಲೂಡಿಸಿ ಮರಳಿ ಬರುತ್ತೇನೆ ಎಂದು ಕಾರಣವನ್ನೂ ಭಾಷೆಯನ್ನೂ ಕೊಟ್ಟು ಕೇಳಿತು. ತಾಯಿ ಹೋಗಕೂಡದೆಂದು ಕರು ಬೇಡಿದ್ದಾದರೋ 'ಇಂಪ್ಲೋರ್'. ಲ್ಯಾಟಿನ್ ಭಾಷೆಯ ಅದರ ಮೂಲದಲ್ಲಿ ಅಳುವುದೆಂಬ ಅರ್ಥವಿದೆ. ಕಣ್ಣೀರಿಲ್ಲದ ಕಡೆ ಆ ಮಾತು ಒಪ್ಪುವುದಿಲ್ಲ. ಕರುವನ್ನು ನಿಮ್ಮದೆಂದೇ ಕಾಣಿರೆಂದು ಜೊತೆಯ ಹಸುಗಳಿಗೆ ಪುಣ್ಯಕೋಟಿ ಒಪ್ಪಿಸಿತಷ್ಟೆ, ಅದು 'ಎನ್‌ಟ್ರೀಟ್': ಸಮಾನರ ಮುಂದೆಯೂ ಆಡಬಹುದಾದ ಕಳಕಳಿಯ ಬೇಡಿಕೆ.

'ಬಿಸೀಚ್' ಎಂಬುದು 'ಸೀಕ್', ಅಂದರೆ ಅರಸು, ಎಂಬ ಮಾತಿನ ಬಂಧು. ಅದು ಹಳೆಯ ಇಂಗ್ಲಿಷು. ಈಗ ಹೆಚ್ಚಾಗಿ ಪ್ರಾರ್ಥನೆಗಳಲ್ಲಿ ಉಳಿದಿದೆ. ನಮ್ಮ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಇದನ್ನು ಕೇಳಿ, ಚಿಕ್ಕಮ್ಮನ ಮದುವೆಗೆ ಎರಡು ದಿನದ ರಜೆ ಕೇಳುವ ಅರ್ಜಿಯಲ್ಲಿ ಬರೆದುಬಿಡುವುದುಂಟು. ದೇವರಿಗೆ ಸಲ್ಲುವ ಮಾತು ಮುಖ್ಯೋಪಾಧ್ಯಾಯಿನಿಗೆ ಬೇಡ.

ಇನ್ನೊಂದು ಮಾತು 'ಅಪೀಲ್'. ಇದರಲ್ಲಿ ದೈನ್ಯವಿಲ್ಲ. ನ್ಯಾಯವನ್ನೂ ಮನಸ್ಸಾಕ್ಷಿಯನ್ನೂ ಮುಂದಿಟ್ಟು ಕೇಳುವುದು ಇದರ ಅರ್ಥ. ೨೦೨೩ರ ಆರಂಭದಲ್ಲಿ ನಮ್ಮೂರಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಗಿ, ಕಾರ್ಮಿಕರು ಹೋರಾಟಕ್ಕೆ ಕುಳಿತಾಗ, ಅವರು ಕೊಟ್ಟದ್ದು ಮನವಿ, ಭಿಕ್ಷೆ ಬೇಡಿದ್ದಲ್ಲ. ಅಂಥ ಮನವಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ಮಗಳು 'ಬೆಗ್' ಎಂದು ಬರೆದರೆ ತಂದೆಯ ತಲೆಯನ್ನು ತಾನೇ ತಗ್ಗಿಸಿದಂತಾದೀತು.

೨. ನೀಡುವ ಮಾತುಗಳು

'ಗಿವ್' ಎಂಬುದಕ್ಕೂ 'ಆಫರ್' ಎಂಬುದಕ್ಕೂ ಇರುವ ಭೇದವನ್ನು ನಮ್ಮ ಮಕ್ಕಳು ಬೇಗನೆ ಹಿಡಿಯುವುದಿಲ್ಲ. ಕೊಟ್ಟು ಮುಗಿದದ್ದು 'ಗಿವ್'. ಕೊಡುತ್ತೇನೆಂದು ಮುಂದೆ ಒಡ್ಡುವುದು 'ಆಫರ್'. ಕೊಳ್ಳುವುದೂ ಬಿಡುವುದೂ ಎದುರಿನವರ ಇಷ್ಟ. ಪುಣ್ಯಕೋಟಿಯು ಹುಲಿಗೆ ತನ್ನ ದೇಹವನ್ನು ಒಡ್ಡಿತು, ಹುಲಿ ತಿನ್ನಲಿಲ್ಲ. ಆದುದರಿಂದ ಅಲ್ಲಿ 'ಆಫರ್' ಸರಿ, 'ಗಿವ್' ತಪ್ಪು. ಹಾಗೆಯೇ ನಮ್ಮ ಹಳೆಯ ವಿದ್ಯಾರ್ಥಿನಿಗೆ ಆ ಕಛೇರಿಯವರು ಕೆಲಸವನ್ನು ಕೊಟ್ಟಿರಲಿಲ್ಲ, ಒಡ್ಡಿದ್ದರು. ಈ ಭೇದವನ್ನು ಅರಿತಿದ್ದರೆ ಆಕೆ ಇನ್ನೂ ಎಚ್ಚರದಿಂದ ಬರೆಯುತ್ತಿದ್ದಳೇನೋ.

'ಟೆಂಡರ್' ಎಂಬ ಮಾತನ್ನು ಭದ್ರಾವತಿಯವರಿಗೆ ಹೇಳಿಕೊಡಬೇಕೆ? ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ೧೯೨೩ರಲ್ಲಿ ಮೊದಲಾಯಿತು. ಕಾಗದದ ಕಾರ್ಖಾನೆಯ ಕಂಪೆನಿ ೧೯೩೬ರಲ್ಲಿ ಸ್ಥಾಪನೆಯಾಯಿತು. ಟೆಂಡರು ಕರೆದರು, ಟೆಂಡರು ಹಾಕಿದರು ಎಂಬುದು ಇಲ್ಲಿ ಮನೆಮಾತು. ಆದರೆ ಅದೇ ಮಾತು ಕ್ರಿಯಾಪದವಾದಾಗ, ವಿಧ್ಯುಕ್ತವಾಗಿ ಸಲ್ಲಿಸುವುದೆಂಬ ಅರ್ಥವನ್ನು ತಾಳುತ್ತದೆಂಬುದನ್ನು ಹಲವರು ಅರಿಯರು. ರಾಜೀನಾಮೆಯನ್ನೂ ಕ್ಷಮಾಪಣೆಯನ್ನೂ 'ಟೆಂಡರ್' ಮಾಡುತ್ತಾರೆ. ಗುತ್ತಿಗೆದಾರರ ಟೆಂಡರೂ ಹೀಗೆ ಸಲ್ಲಿಸುವುದೇ ತಾನೆ. ಕೈಯನ್ನು ಮುಂದೆ ಚಾಚುವುದೆಂಬ ಮೂಲಾರ್ಥ ಎರಡಕ್ಕೂ ಒಂದೇ. ಇನ್ನು ಯಾರೂ ಕೇಳದೆ ತಾನಾಗಿ ಮುಂದೆ ಬಂದರೆ ಅದು 'ವಾಲಂಟಿಯರ್'.

೩. ಒಲ್ಲೆನೆನ್ನುವ ಮಾತುಗಳು

ಈ ವಿಷಯದಲ್ಲಿ ಕನ್ನಡದ ಸೊಗಸೇ ಬೇರೆ. ಬಾರೆ, ಕೊಡೆ, ಮಾಡೆ ಎಂದು ಕ್ರಿಯಾಪದದ ಒಡಲಲ್ಲಿಯೇ ನಾವು ನಿಷೇಧವನ್ನು ಅಡಗಿಸಬಲ್ಲೆವು. ಒಲ್ಲೆ ಎಂಬುದಂತೂ ಅದಕ್ಕೆಂದೇ ಹುಟ್ಟಿದ ಮಾತು. ಬೇಡು ಎಂಬುದಕ್ಕೂ ಬೇಡ ಎಂಬುದಕ್ಕೂ ಒಂದು ಸ್ವರದ ಅಂತರ ಮಾತ್ರ. ಇಂಗ್ಲಿಷಿನಲ್ಲಿ ಈ ಸೌಕರ್ಯವಿಲ್ಲ. ತಕ್ಕ ಕ್ರಿಯಾಪದವನ್ನು ಆರಿಸಿಕೊಳ್ಳಬೇಕು.

'ರೆಫ್ಯೂಸ್' ಎಂದರೆ ಖಂಡಿತವಾಗಿ ಒಲ್ಲೆನೆನ್ನುವುದು. ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದಕ್ಕೆ ಹಿರಿಯ ನಿದರ್ಶನವಿದೆ. ೧೬೮೯ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲ್ ಸೈನ್ಯಕ್ಕೆ ಸಿಕ್ಕದೆ ಜಿಂಜಿಯ ಕಡೆಗೆ ಹೋಗುತ್ತಿದ್ದಾಗ, ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಚೆನ್ನಮ್ಮಾಜಿ ಅವನಿಗೆ ಆಶ್ರಯವಿತ್ತಳು. ಔರಂಗಜೇಬನ ಕಡೆಯವರಿಗೆ ಒಪ್ಪಿಸಲು ಒಪ್ಪಲಿಲ್ಲ. ಅದು 'ರೆಫ್ಯೂಸ್'; 'ಡಿಕ್ಲೈನ್' ಎಂದರೆ ಸಪ್ಪೆಯಾಗುತ್ತದೆ.

'ಡಿಕ್ಲೈನ್' ಎಂಬುದರ ಮೂಲದಲ್ಲಿ ಪಕ್ಕಕ್ಕೆ ಬಾಗುವುದೆಂಬ ಅರ್ಥವಿದೆ. ಊಟದ ಆಮಂತ್ರಣಕ್ಕೆ, ಸನ್ಮಾನಕ್ಕೆ, ಕೆಲಸಕ್ಕೆ, ಒಡ್ಡಿದವರ ಮನಸ್ಸು ನೋಯದಂತೆ ಬೇಡವೆನ್ನುವ ಮಾತು ಇದು. 'ರಿಜೆಕ್ಟ್' ಎಂದರೆ ಹಿಂದಕ್ಕೆ ಎಸೆಯುವುದು. ಪರೀಕ್ಷಿಸಿ, ಯೋಗ್ಯವಲ್ಲವೆಂದು ತಳ್ಳುವ ಅಧಿಕಾರವಿದ್ದವರ ಮಾತು. ಅರ್ಜಿಗಳನ್ನು ಕಛೇರಿಯವರು 'ರಿಜೆಕ್ಟ್' ಮಾಡುತ್ತಾರೆ. 'ಸ್ಪರ್ನ್' ಎಂದರೆ ಮೊದಲ ಅರ್ಥದಲ್ಲಿ ಕಾಲಿನಿಂದ ಒದೆಯುವುದು. ತುಚ್ಛೀಕಾರವಿಲ್ಲದೆ ಅದನ್ನು ಆಡಲಾಗದು. ಪುಣ್ಯಕೋಟಿಯನ್ನು ತಿನ್ನಲೊಲ್ಲದ ಹುಲಿ ಅದನ್ನು 'ಸ್ಪರ್ನ್' ಮಾಡಲಿಲ್ಲ, 'ರಿಜೆಕ್ಟ್' ಮಾಡಲಿಲ್ಲ. ಗೌರವದಿಂದಲೂ ಪಶ್ಚಾತ್ತಾಪದಿಂದಲೂ 'ರೆಫ್ಯೂಸ್' ಮಾಡಿತು.

ನಮ್ಮ ಕಡೆಯ ತಪ್ಪೊಂದನ್ನು ಇಲ್ಲಿಯೇ ಹೇಳಬೇಕು. ಅವನು ಬರಲು ಒಪ್ಪಲಿಲ್ಲವೆಂಬುದಕ್ಕೆ 'ಹಿ ಡಿನೈಡ್ ಟು ಕಮ್' ಎಂದು ದೊಡ್ಡವರೂ ಬರೆಯುತ್ತಾರೆ. 'ಡಿನೈ' ಎಂದರೆ ಹೇಳಿದ್ದು ನಿಜವಲ್ಲವೆನ್ನುವುದು, ಇಲ್ಲವೆ ಸಲ್ಲಬೇಕಾದುದನ್ನು ಕೊಡದಿರುವುದು. 'ಹಿ ರೆಫ್ಯೂಸ್ಡ್ ಟು ಕಮ್' ಎಂಬುದೇ ಶುದ್ಧ.

ಮಕ್ಕಳಿಗೆ ನಾವು ಇನ್ನೊಂದನ್ನೂ ಹೇಳುತ್ತೇವೆ, ಪೋಷಕರು ಮನ್ನಿಸಬೇಕು. ಆಮಂತ್ರಣಕ್ಕೆ 'ಡಿಕ್ಲೈನ್' ಸಾಕು. ಆದರೆ ಹದಿನೆಂಟು ತುಂಬದ ಹುಡುಗಿಯ ಮುಂದೆ ಮದುವೆಯ ಮಾತನ್ನೆತ್ತಿದರೆ, ಪುಸ್ತಕವನ್ನು ಮುಚ್ಚಿಡೆಂದರೆ, ಅಲ್ಲಿ ಬೇಕಾದದ್ದು 'ರೆಫ್ಯೂಸ್'. ಮದುವೆಯ ವಿಷಯದಲ್ಲಿ ಕಾಯಿದೆಯೂ ಅವಳ ಪಕ್ಷದಲ್ಲಿದೆ. ಆ ಮಾತನ್ನು ವಿನಯದಿಂದಲೇ ಆಡಬಹುದು, ಆಡದೆ ಇರಬಾರದು.

೪. ಬಿಡುವ ಮಾತುಗಳು

'ಗಿವ್ ಅಪ್' ಎಂಬುದು ಎಲ್ಲಕ್ಕೂ ಸಲ್ಲುವ ಮನೆಮಾತು. ಚಟವನ್ನೂ ಆಸೆಯನ್ನೂ ಪ್ರಾಣವನ್ನೂ ಅದರಿಂದ ಹೇಳಬಹುದು. ಹುಲಿ ಪ್ರಾಣಬಿಟ್ಟಿತೆಂಬುದಕ್ಕೆ ಇದೇ ಸಾಕು. ಸಿಕ್ಕಿದ ಬೇಟೆಯನ್ನು ಅದು ತಾನಾಗಿ ಬಿಟ್ಟುದಕ್ಕೆ 'ಫೋರ್‌ಗೋ' ಎನ್ನಬಹುದು. ಹಿಡಿದಿದ್ದ ಹಕ್ಕನ್ನೋ ಸ್ಥಾನವನ್ನೋ ಕೈಯಿಂದ ಬಿಡುವುದು 'ರಿಲಿಂಕ್ವಿಷ್'. ತನಗೆ ಬರಬೇಕಾದ ಶುಲ್ಕವನ್ನೋ ನಿಯಮವನ್ನೋ ಬಿಟ್ಟುಕೊಡುವುದು 'ವೇವ್'. ಬಲಕ್ಕೆ ಮಣಿದು ಒಪ್ಪಿಸುವುದು 'ಸರೆಂಡರ್'. ಒತ್ತಾಯಕ್ಕೋ ಯುಕ್ತಿಗೋ ತಗ್ಗುವುದು 'ಯೀಲ್ಡ್'.

ರಾಜನು ಸಿಂಹಾಸನವನ್ನು ಬಿಡುವುದಕ್ಕೆ 'ಅಬ್ಡಿಕೇಟ್' ಎಂಬ ಪ್ರತ್ಯೇಕ ಮಾತಿದೆ; ೧೯೩೬ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಂಟನೆಯ ಎಡ್ವರ್ಡನು ಹಾಗೆ ಬಿಟ್ಟನು. ಬಹಿರಂಗವಾಗಿ ಸಾರಿ ತೊರೆಯುವುದು 'ರಿನೌನ್ಸ್'. ಜಲಿಯನ್‌ವಾಲಾಬಾಗಿನ ಹತ್ಯೆಯ ತರುವಾಯ ರವೀಂದ್ರನಾಥ ಠಾಕೂರರು ನೈಟ್ ಪದವಿಯನ್ನು 'ರಿನೌನ್ಸ್' ಮಾಡಿದರೆಂದು ಪುಸ್ತಕಗಳು ಹೇಳುತ್ತವೆ. ಆದರೆ ೧೯೧೯ರ ಮೇ ಕೊನೆಯಲ್ಲಿ ವೈಸರಾಯರಿಗೆ ಬರೆದ ಪತ್ರದಲ್ಲಿ ಅವರು ಕೋರಿದ್ದು ಆ ಬಿರುದಿನಿಂದ ತಮ್ಮನ್ನು 'ರಿಲೀವ್' ಮಾಡಬೇಕೆಂದು, ಅಂದರೆ ಹೊರೆಯನ್ನು ಇಳಿಸಬೇಕೆಂದು. ಬಿರುದನ್ನು ಹೊರೆಯೆಂದು ಹೇಳಿದ ಆ ಒಂದು ಮಾತು, ಬೈಗುಳಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಿತು.

ಉದ್ಯೋಗವನ್ನು ಬಿಡುವುದು 'ರಿಸೈನ್'. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ೧೯೧೮ರಲ್ಲಿ ಆ ಪದವಿಯನ್ನು ಬಿಟ್ಟರು. ಆದರೆ ೧೯೨೩ರಲ್ಲಿ ನಮ್ಮೂರಿನ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, ವರ್ಷಗಟ್ಟಲೆ ದುಡಿದರು. ಪದವಿಯನ್ನು 'ರಿಸೈನ್' ಮಾಡಿದವರು ಕೆಲಸವನ್ನು 'ಗಿವ್ ಅಪ್' ಮಾಡಲಿಲ್ಲ. ಎರಡು ಕ್ರಿಯಾಪದಗಳ ಭೇದವನ್ನು ಇದಕ್ಕಿಂತ ಚೆನ್ನಾಗಿ ನಾವು ಹೇಳಿಕೊಡಲಾರೆವು.

೫. ವ್ಯಾಕರಣವೂ ಅಭ್ಯಾಸವೂ

ಜೋಡಣೆಯ ನಿಯಮಗಳು ಕೆಲವೇ. ಬೆಗ್, ಇಂಪ್ಲೋರ್, ಎನ್‌ಟ್ರೀಟ್, ರಿಕ್ವೆಸ್ಟ್ ಇವುಗಳ ಮುಂದೆ ಬೇಡಿಸಿಕೊಳ್ಳುವವರ ಹೆಸರು, ಆಮೇಲೆ 'ಟು' ಸೇರಿದ ಕ್ರಿಯೆ. ಪ್ಲೀಡ್ ಎಂಬುದಕ್ಕೆ ಮಾತ್ರ ನಡುವೆ 'ವಿತ್' ಬೇಕು; ಅಪೀಲ್ ಎಂಬುದಕ್ಕೆ 'ಟು'. ಆಫರ್, ರೆಫ್ಯೂಸ್, ಡಿಕ್ಲೈನ್ ಇವು ನೇರವಾಗಿ 'ಟು' ಸೇರಿದ ಕ್ರಿಯೆಯನ್ನು ಹಿಡಿಯುತ್ತವೆ. ರಿಜೆಕ್ಟ್, ಸ್ಪರ್ನ್ ಇವು ಹಾಗೆ ಹಿಡಿಯವು. ಅವುಗಳ ಮುಂದೆ ನಾಮಪದವೇ ಬರಬೇಕು. ಗಿವ್ ಅಪ್ ಎಂಬುದರ ಮುಂದೆ ಕ್ರಿಯೆ ಬಂದರೆ ಅದಕ್ಕೆ 'ಇಂಗ್' ಸೇರಬೇಕು.

ತಾಯಂದಿರು ಹೆಣ್ಣುಮಕ್ಕಳೊಡನೆ ಕುಳಿತು ಇವುಗಳಿಗೆ ತಕ್ಕ ಕ್ರಿಯಾಪದವನ್ನು ಹುಡುಕಲಿ:

(೧) ಸಭೆಯ ಅಧ್ಯಕ್ಷತೆಯನ್ನು ಅಜ್ಜಿ ವಿನಯದಿಂದ ಬೇಡವೆಂದರು.
(೨) ಮಗು ಔಷಧಿಯನ್ನು ಕುಡಿಯಲೊಲ್ಲದು.
(೩) ಸೋದರಮಾವ ಕಾಫಿ ಕುಡಿಯುವುದನ್ನು ಬಿಟ್ಟರು.
(೪) ಬಡ ಹುಡುಗಿಯ ಶುಲ್ಕವನ್ನು ಶಾಲೆಯವರು ಬಿಟ್ಟರು.
(೫) ಪಾತ್ರೆ ತೊಳೆಯುತ್ತೇನೆಂದು ತಂಗಿ ಯಾರೂ ಹೇಳದೆ ಮುಂದೆ ಬಂದಳು.
(೬) ಅಪ್ಪನು ತಪ್ಪೊಪ್ಪಿಗೆಯನ್ನು ಕಛೇರಿಗೆ ಬರೆದು ಸಲ್ಲಿಸಿದನು.

ಉತ್ತರಗಳು ಕ್ರಮವಾಗಿ: ಡಿಕ್ಲೈನ್, ರೆಫ್ಯೂಸ್, ಗಿವ್ ಅಪ್, ವೇವ್, ವಾಲಂಟಿಯರ್, ಟೆಂಡರ್.

ಕೊನೆಯಲ್ಲಿ ಆ ಹುಡುಗಿಯ ಪ್ರಶ್ನೆಗೆ ಬರೋಣ. ಯಾವ ಮಾತನ್ನು ಬರೆಯಬೇಕಾಗಿತ್ತು? ಒಲ್ಲೆನೆನ್ನುವ ನಾಲ್ಕು ಮಾತುಗಳಲ್ಲಿ ಒಂದೂ ಅಲ್ಲ. ಆಕೆಗೆ ಕೆಲಸ ಬೇಕಾಗಿತ್ತು; ಬೇಕಾಗಿದ್ದುದು ಒಂದು ತಿಂಗಳ ಸಮಯ. ತಾವು ಒಡ್ಡಿದ ಕೆಲಸವನ್ನು ಸಂತೋಷದಿಂದ ಒಪ್ಪಿದ್ದೇನೆ, ತಾಯಿಯ ಅನಾರೋಗ್ಯದ ನಿಮಿತ್ತ ಒಂದು ತಿಂಗಳ ಅವಕಾಶವನ್ನು 'ರಿಕ್ವೆಸ್ಟ್' ಮಾಡುತ್ತೇನೆ ಎಂದು ಎರಡು ವಾಕ್ಯಗಳಿದ್ದರೆ ಸಾಕಾಗಿತ್ತು. ಮೊದಲು ತನಗೆ ಬೇಕಾದದ್ದೇನೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಆಮೇಲೆ ಇಂಗ್ಲಿಷು ಮಾತನ್ನು ಹುಡುಕಬೇಕು. ನಾವು ಅದನ್ನು ತಲೆಕೆಳಗಾಗಿ ಕಲಿಸಿದ್ದೆವು.

ಆ ಕೆಲಸ ಆಕೆಗೆ ಮರಳಿ ದೊರೆಯಲಿಲ್ಲ. ಆ ಟಿಪ್ಪಣಿ ಪುಸ್ತಕವನ್ನು ನಾವು ಕೇಳಿ ಇಟ್ಟುಕೊಂಡಿದ್ದೇವೆ. ಈ ಪಾಠವನ್ನು ಮೊದಲಿಡುವ ದಿನ ಪ್ರತಿ ವರ್ಷವೂ ಆ ಸಾಲನ್ನು ತರಗತಿಯಲ್ಲಿ ಓದಿ ಹೇಳಿ, ಅದು ನಮ್ಮ ತಪ್ಪೆಂದು ಒಪ್ಪಿಕೊಂಡು ಆರಂಭಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಇಂಥ ಕಾಗದವನ್ನು ಬರೆಯುವ ಪ್ರಸಂಗ ಬಂದರೆ, ಅಂಚೆಗೆ ಹಾಕುವ ಮುನ್ನ ಶಾಲೆಗೆ ತರಲಿ. ಸಂಜೆ ನಾಲ್ಕೂವರೆಯ ಮೇಲೆ ನಾವು ಇಲ್ಲಿಯೇ ಇರುತ್ತೇವೆ.