ಇಪ್ಪತ್ತು ಮೀಟರುಗಳ ಪಾಠ

2022ನೆಯ ಇಸವಿಯಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಇವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇದನ್ನು ಕೇಳಿದೊಡನೆ ತರುಣರತ್ತ ಬೆರಳು ತೋರುವುದು ಹಿರಿಯರ ವಾಡಿಕೆ. ನಾವು ಮಾತ್ರ ಆ ತರುಣರ ನೆರವನ್ನೇ ಬೇಡಲು ಹೊರಟಿದ್ದೇವೆ. ತಿರುವಿನಲ್ಲಿ ಚೆಲ್ಲಿದ ಮರಳು, ಮಳೆಯಲ್ಲಿ ಜಾರುವ ಮೋರಿಯ ಮುಚ್ಚಳ, ನೀರು ತುಂಬಿ ಕಾಣದಾದ ಗುಂಡಿ ಇವೆಲ್ಲ ಕಾರಿನಲ್ಲಿ ಕುಳಿತವನ ಗಮನಕ್ಕೇ ಬಾರದಿರಬಹುದು. ಮೋಟಾರ್ ಸೈಕಲ್ ಸವಾರನು ಇವನ್ನು ಬಲ್ಲನು. ಬಲ್ಲವನು ಅಳೆಯುವುದನ್ನೂ ಕಲಿತರೆ ನಗರಕ್ಕೆ ದೊಡ್ಡ ಉಪಕಾರ.

ಮೊದಲು ನಮ್ಮನ್ನೇ ಅಳೆದುಕೊಳ್ಳೋಣ. ಗೆಳೆಯನೊಬ್ಬನು 30 ಸೆಂಟಿಮೀಟರಿನ ಅಡಿಪಟ್ಟಿಯನ್ನು ನೇರವಾಗಿ ತೂಗುಹಿಡಿಯಲಿ. ಅದರ ಸೊನ್ನೆಯ ಗುರುತಿನ ಬಳಿ ನಮ್ಮ ಹೆಬ್ಬೆರಳು ತೋರುಬೆರಳುಗಳು ತೆರೆದಿರಲಿ. ಅವನು ಸೂಚನೆ ನೀಡದೆ ಪಟ್ಟಿಯನ್ನು ಬಿಟ್ಟೊಡನೆ ನಾವು ಹಿಡಿಯಬೇಕು. ಅಷ್ಟರಲ್ಲಿ ಪಟ್ಟಿ 20 ಸೆಂಟಿಮೀಟರು ಜಾರಿದ್ದರೆ, ನಾವು ತೆಗೆದುಕೊಂಡ ಕಾಲ ಸುಮಾರು 0.2 ಸೆಕೆಂಡು. ಇದು ಕಾದು ಕುಳಿತವನ ಚುರುಕು. ರಸ್ತೆಯಲ್ಲಿ ಮಗುವೊಂದು ಅಡ್ಡ ಬರುವುದನ್ನು ಯಾರೂ ಕಾದಿರುವುದಿಲ್ಲ. ಕಂಡು, ತಿಳಿದು, ಬ್ರೇಕು ಒತ್ತುವ ವೇಳೆಗೆ 1 ಸೆಕೆಂಡು ಕಳೆಯುವುದೆಂದು ಲೆಕ್ಕಕ್ಕೆ ಹಿಡಿಯೋಣ.

ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರು. ಬ್ರೇಕು ಒತ್ತುವ ಮೊದಲೇ 10 ಮೀಟರು ಕಳೆದುಹೋಯಿತು. ಒಣ ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ಕುಗ್ಗಿಸುವುದೆಂದು ಭಾವಿಸಿದರೆ, ನಿಲ್ಲಲು ಇನ್ನೂ 10 ಮೀಟರು ಬೇಕು. ಒಟ್ಟು 20. ವೇಗವನ್ನು 72ಕ್ಕೆ ಏರಿಸೋಣ. ಬ್ರೇಕಿನ ದೂರವು ವೇಗದ ವರ್ಗಕ್ಕೆ ಅನುಗುಣವಾದುದರಿಂದ 10ರ ಬದಲು 40 ಮೀಟರು ಆಗುತ್ತದೆ. ಮೊದಲ ಸೆಕೆಂಡಿನ 20 ಸೇರಿ ಒಟ್ಟು 60. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: ಮೊದಲನೆಯ ಸವಾರನು ಪೂರ್ಣವಾಗಿ ನಿಂತ ಸ್ಥಳಕ್ಕೆ ಬಂದಾಗ ಎರಡನೆಯವನು ಬ್ರೇಕನ್ನು ಮುಟ್ಟುತ್ತಿರುತ್ತಾನಷ್ಟೆ. ಅವನ ವೇಗ ಆಗಲೂ 72!

ಇನ್ನು ರಸ್ತೆಗೆ ಹೋಗೋಣ. ಬೆಂಗಳೂರಿನಂಥ ನಗರದಲ್ಲಿ ಕಾಲೇಜಿನ ಮುಂದಿನ ರಸ್ತೆಯೇ ಸಾಕು. ಪಾದಚಾರಿ ಮಾರ್ಗದ ಮೇಲೆ ನಿಂತು, 60 ಮೀಟರು ಅಂತರದ ಎರಡು ಗುರುತುಗಳನ್ನು ಆರಿಸಿ, ವಾಹನಗಳು ಅದನ್ನು ದಾಟುವ ಕಾಲವನ್ನು ಅಳೆಯಬೇಕು. 216ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗವು ಗಂಟೆಗೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 20 ಮೀಟರೇ ಸಾಲದೇ ಎಂದು ಕೇಳಬಹುದು. ಸಾಲದು; ನಮ್ಮ ಬೆರಳಿನ ತಡವನ್ನು ಈಗತಾನೇ ಅಳೆದಿದ್ದೇವೆ.

ಇದಕ್ಕಿಂತಲೂ ಬೆಲೆಯುಳ್ಳದ್ದು ಸವಾರನ ಟಿಪ್ಪಣಿ ಪುಸ್ತಕ. ಬೀಳದೆ ಉಳಿದುಕೊಂಡ ಸಂದರ್ಭಗಳನ್ನು ಪೊಲೀಸರ ಅಪಘಾತದ ದಾಖಲೆಗಳಲ್ಲಿ ಹುಡುಕಿ ಫಲವಿಲ್ಲ. ಹತ್ತು ಮಂದಿ ಸವಾರರು ಒಂದು ತಿಂಗಳು ಸ್ಥಳ, ವೇಳೆ, ಮಳೆಯೋ ಬಿಸಿಲೋ, ಕಾರಣವೇನು ಎಂಬುದನ್ನು ಬರೆದಿಟ್ಟು ನಕ್ಷೆಯಲ್ಲಿ ಚುಕ್ಕೆಯಿಟ್ಟರೆ, ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆಂಬುದನ್ನು ನೋಡಬಹುದು.

ಇಂಥ ದಾಖಲೆಗೆ ಬಲವುಂಟೇ? ಬ್ರಿಟನ್ನಿನಲ್ಲಿ 1935ರ ಮೇ ತಿಂಗಳಲ್ಲಿ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲೊಬ್ಬನಾದ ಹ್ಯೂ ಕೈರ್ನ್ಸ್ ಮುಂದೆ ಇಂಥ ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ 1941ರಲ್ಲಿ ಪ್ರಬಂಧ ಬರೆದನು. ಹೆಲ್ಮೆಟ್ ಧರಿಸಿದ್ದ ಗಾಯಾಳುಗಳಲ್ಲಿ ಅವನಿಗೆ ದೊರೆತವರು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಹೆಲ್ಮೆಟನ್ನು ವಿಧಿಸಿತು. ನಾಗರಿಕರಿಗೆ ಆ ಕಾನೂನು ಬರಲು 1973ರವರೆಗೆ ಕಾಯಬೇಕಾಯಿತು. ಸರ್ಕಾರಗಳ ಪ್ರತಿಕ್ರಿಯಾ ಕಾಲ ನಮ್ಮದಕ್ಕಿಂತ ದೀರ್ಘ.

ನಕ್ಷೆ ಸಿದ್ಧವಾದ ಮೇಲೆ ಅದನ್ನು ಅಧ್ಯಾಪಕರ ಸಹಿಯೊಡನೆ ನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಕೊಡಬೇಕು. ರಸ್ತೆ ಸುಧಾರಿಸಬೇಕು ಎಂಬ ಮನವಿಗಿಂತ, ಇಂಥ ತಿರುವಿನ ಮರಳನ್ನು ಗುಡಿಸಿ, ಇಂಥ ಫಲಕವನ್ನು ಮರೆಮಾಡಿದ ಕೊಂಬೆಯನ್ನು ಕಡಿಯಿರಿ ಎಂದು ಬರೆಯುವುದು ಲೇಸು. ಕೆಲಸವಾದ ನಂತರ ಅದೇ ಎರಡು ಗುರುತುಗಳ ನಡುವೆ, ಅದೇ ವೇಳೆಯಲ್ಲಿ, ಇನ್ನೊಮ್ಮೆ ಅಳೆಯತಕ್ಕದ್ದು.