ನಿವೃತ್ತಿಯ ಮನೆ ಕೊಳ್ಳುವ ಮುನ್ನ

ಸೂರ್ಯಕಾಂತಿ ಹೊಲ, ಎದುರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನಿವೃತ್ತಿಯ ಹಣದಲ್ಲಿ ಗುಂಡ್ಲುಪೇಟೆ ಕಡೆ ತೋಟದ ಮನೆ ಮಾಡುವ ಆಸೆ ಸಹಜವೇ. ಆದರೆ ಮುಂಗಡ ಕೊಡುವ ಮುನ್ನ ನಾಲ್ಕು ಮಾತು ಕೇಳಿ.

ಕಾಡಂಚಿನ ಜಮೀನಿಗೆ ರಾತ್ರಿ ಆನೆ, ಹಂದಿ ಬರುತ್ತವೆ. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ಅಲ್ಲಿ ಮನಸ್ಸಿಗೆ ಬಂದಂತೆ ಕಟ್ಟಲಾಗದು. ನೀವು ನೋಡಿದ ಸರ್ವೆ ನಂಬರ್ ಅದರೊಳಗಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಪಹಣಿ ನೋಡಿ. ಬೋರ್‌ವೆಲ್ಲಿನ ನೀರನ್ನು ಏಪ್ರಿಲ್‌ನಲ್ಲಿ ಹೋಗಿ ನೋಡಿ, ಮಳೆಗಾಲದಲ್ಲಲ್ಲ.

ವಯಸ್ಸಾದಂತೆ ನೋಟಕ್ಕಿಂತ ಆಸ್ಪತ್ರೆಯೇ ಮುಖ್ಯ. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಮೈಸೂರಿಗೆ ರೈಲಿದೆ. ಗುಂಡ್ಲುಪೇಟೆಗೆ ರೈಲಿಲ್ಲ, ಸುಮಾರು 60 ಕಿ.ಮೀ. ದೂರದ ಮೈಸೂರಿಗೆ ಬಸ್ಸೋ ಕಾರೋ ಬೇಕು. ಮಕ್ಕಳು ವಯನಾಡು, ಊಟಿ ಕಡೆಯಿದ್ದರೆ ನೆನಪಿರಲಿ: ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ.

ಮೊದಲು ಒಂದು ವರ್ಷ ಪೇಟೆಯೊಳಗೆ ಬಾಡಿಗೆಗಿದ್ದು ನೋಡಿ. ಇಬ್ಬರಲ್ಲಿ ಒಬ್ಬರೇ ಉಳಿದರೂ, ಸ್ಕೂಟರ್ ಓಡಿಸುವುದು ಬಿಟ್ಟ ಮೇಲೂ, ಔಷಧಿ ಅಂಗಡಿಗೆ ನಡೆದೇ ಹೋಗಿಬರುವಂತಿದ್ದರೆ ಮಾತ್ರ ಆ ಮನೆ ಕೊಳ್ಳಿ.