ಲಗ್ನಪತ್ರಿಕೆಯ ಮೇಲಿನ ಲೆಕ್ಕ

ಹಲವು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯ ಓಣಿಯೊಂದರಲ್ಲಿ ನನ್ನ ಪರಿಚಿತರ ಮನೆಯಲ್ಲಿ ಮದುವೆ. ಅಂಗಳದ ಹಂದರಕ್ಕೆ 100 ವ್ಯಾಟಿನ 20 ದೀಪಗಳನ್ನು ತೂಗುಬಿಟ್ಟಿದ್ದರು. ಬೀಗರ ಸ್ನಾನಕ್ಕೆ ನೀರು ಕಾಯಿಸಲೆಂದು ಹಿತ್ತಲಲ್ಲಿ 2000 ವ್ಯಾಟಿನ ಹೀಟರೊಂದನ್ನೂ ಅದೇ ತಂತಿಗೆ ಜೋಡಿಸಿದ್ದರು. ಮುಸ್ಸಂಜೆ ಬೀಗರು ಬಂದಿಳಿಯುವ ಹೊತ್ತಿಗೆ ಫ್ಯೂಜು ಸುಟ್ಟು ಹಂದರವೆಲ್ಲ ಕತ್ತಲಾಯಿತು. ಉತ್ಸಾಹಿ ತರುಣನೊಬ್ಬನು ಫ್ಯೂಜಿನ ಸಣ್ಣ ತಂತಿಯ ಬದಲು ದಪ್ಪನೆಯ ತಾಮ್ರದ ತಂತಿಯನ್ನು ಕಟ್ಟಿದನು. ದೀಪಗಳು ಮತ್ತೆ ಬೆಳಗಿದವು. ಎಲ್ಲರೂ ಅವನನ್ನು ಹೊಗಳಿದರು.

ಅಷ್ಟರಲ್ಲಿ ವೃದ್ಧ ವಾಯರಮನ್ ಒಬ್ಬರು ಬಂದು, ಮುಖ್ಯ ಸ್ವಿಚ್ಚನ್ನು ಆರಿಸಿ, ಆ ತಂತಿಯನ್ನು ಕಿತ್ತು ಕೆಳಗಿಟ್ಟರು. "ಕಾಕಾ, ಮೊದಲ ದೀಪ ಹತ್ತಸ್ರಿ, ಬೀಗರು ಬಾಗಲದಾಗ ನಿಂತಾರ" ಎಂದು ಮನೆಯ ಯಜಮಾನರು ಅವಸರಪಡಿಸಿದರು.

"ಫ್ಯೂಜ್ ಸುಟ್ಟರ ಒಂದು ತಂತಿ ಹೋಗತದ. ಸುಡಬೇಕಾದಾಗ ಅದು ಸುಡದಿದ್ದರ ಮನೀನ ಹೋಗತದ. ಮಾಸ್ತರ್ರ, ಒಂದು ಪೆನ್ಸಿಲ್ ಕೊಡ್ರಿ" ಎಂದು ಅವರು ಶಾಂತವಾಗಿ ನುಡಿದರು. ಅಲ್ಲಿಯೇ ಬಿದ್ದಿದ್ದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನಾಲ್ಕು ಸಾಲಿನ ಲೆಕ್ಕ ಬರೆದರು. ಆ ಲೆಕ್ಕವೇನೆಂಬುದನ್ನು ನಾವೀಗ ತಿಳಿಯೋಣ.

ಮಾಳಿಗೆಯ ಮೇಲಿನ ತೊಟ್ಟಿಯಿಂದ ನೀರು ಕೊಳವೆಯಲ್ಲಿ ಇಳಿಯುವುದನ್ನು ನೀವು ಬಲ್ಲಿರಿ. ತೊಟ್ಟಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಕೊಳವೆ ಕಿರಿದಾದಷ್ಟೂ ಹರಿವಿಗೆ ಅಡ್ಡಿ ಹೆಚ್ಚು. ವಿದ್ಯುತ್ತಿನಲ್ಲಿಯೂ ಹಾಗೆಯೇ. ಒತ್ತಡದಂತಿರುವುದು ವಿಭವಾಂತರ, ಅದರ ಮಾನ ವೋಲ್ಟ್. ಹರಿವಿನಂತಿರುವುದು ವಿದ್ಯುತ್ಪ್ರವಾಹ, ಅದರ ಮಾನ ಆಂಪಿಯರ್. ಹರಿವಿಗೆ ಒದಗುವ ಅಡ್ಡಿಯೇ ರೋಧ. ಅದರ ಮಾನ ಓಮ್. ಈ ಮೂರರ ಸಂಬಂಧವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದವನು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಬೀಗ ಮಾಡುವ ಕುಶಲಕರ್ಮಿಯ ಮಗನಾದ ಆತನು ಕಲೋನ್ ನಗರದಲ್ಲಿ ಶಾಲಾಶಿಕ್ಷಕನಾಗಿದ್ದನು. ಮೊದಮೊದಲು ತಾಯ್ನಾಡಿನ ವಿದ್ವಾಂಸರು ಆತನ ಮಾತಿಗೆ ಬೆಲೆ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲೆ ಪದಕವನ್ನಿತ್ತು ಆತನನ್ನು ಗೌರವಿಸಿತು.

ನಾವು ನೆನಪಿಡಬೇಕಾದ ಸೂತ್ರಗಳು ಎರಡೇ:

ರೋಧ = ವಿಭವಾಂತರ ÷ ವಿದ್ಯುತ್ಪ್ರವಾಹ
ಸಾಮರ್ಥ್ಯ = ವಿಭವಾಂತರ × ವಿದ್ಯುತ್ಪ್ರವಾಹ

ಸಾಮರ್ಥ್ಯದ ಮಾನ ವ್ಯಾಟ್. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ವಿಭವಾಂತರ 230 ವೋಲ್ಟ್. 100 ವ್ಯಾಟಿನ ದೀಪದಲ್ಲಿ ಹರಿಯುವ ಪ್ರವಾಹ 100 ÷ 230, ಅಂದರೆ ಸುಮಾರು 0.435 ಆಂಪಿಯರ್. ಉರಿಯುತ್ತಿರುವಾಗ ಅದರ ರೋಧ 230 ÷ 0.435, ಅಂದರೆ ಸುಮಾರು 529 ಓಮ್. 2000 ವ್ಯಾಟಿನ ಹೀಟರಿನ ಪ್ರವಾಹ ಸುಮಾರು 8.7 ಆಂಪಿಯರ್; ಅದರ ರೋಧ ಸುಮಾರು 26 ಓಮ್ ಮಾತ್ರ. ವಿಭವಾಂತರವು ಒಂದೇ ಆಗಿರುವಾಗ, ರೋಧ ಕಡಿಮೆಯಿರುವ ಸಾಧನವೇ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ಗಮನಿಸಿರಿ. (ದೀಪ, ಹೀಟರುಗಳಿಗೆ ಈ ಲೆಕ್ಕ ನೇರವಾಗಿ ಒಪ್ಪುತ್ತದೆ, ಮೋಟಾರುಗಳ ಲೆಕ್ಕದಲ್ಲಿ ಇನ್ನೂ ಕೆಲವು ಅಂಶಗಳು ಸೇರುತ್ತವೆ.)

ಇನ್ನು ಮದುವೆಮನೆಗೆ ಬರೋಣ. 20 ದೀಪಗಳಿಗೆ 8.7 ಆಂಪಿಯರ್, ಹೀಟರಿಗೆ 8.7 ಆಂಪಿಯರ್, ಒಟ್ಟು 17.4 ಆಂಪಿಯರ್. ಆದರೆ ಗೋಡೆಯೊಳಗಿನ ಆ ತಂತಿಯೂ ಅದರ ಫ್ಯೂಜೂ 10 ಆಂಪಿಯರಿಗೆ ತಕ್ಕವು! ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಜೌಲನು ತೋರಿಸಿಕೊಟ್ಟಿದ್ದಾನೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ದೀಪಗಳ ಜೊತೆಗೆ ಹೀಟರೂ ಸೇರಿದಾಗ ಆದುದು ಇದೇ. ಫ್ಯೂಜು ತಾನು ಕರಗಿ, ಪ್ರವಾಹವನ್ನು ಕಡಿದು, ಮನೆಯನ್ನು ಕಾಯಿತು. ದಪ್ಪ ತಂತಿಯನ್ನು ಕಟ್ಟಿದಾಗ ಆ ಕಾವಲುಗಾರನೇ ಇಲ್ಲದಂತಾಯಿತು. ಗೋಡೆಯೊಳಗಿನ ತಂತಿಯ ಹೊದಿಕೆ ಕರಗಿ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಈ ಲೆಕ್ಕ ಮನೆಯ ತಂತಿಗೆ ಮಾತ್ರವಲ್ಲ, ಊರಿಂದೂರಿಗೆ ಹಾಯುವ ತಂತಿಗೂ ಅನ್ವಯಿಸುತ್ತದೆ. 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದರು. ಕಡಿಮೆ ವಿಭವಾಂತರದಲ್ಲಿ ಕಳುಹಿಸಿದ್ದರೆ ಬಹುಭಾಗವು ದಾರಿಯಲ್ಲಿಯೇ ಶಾಖವಾಗಿ ವ್ಯರ್ಥವಾಗುತ್ತಿತ್ತು. ಸಾಮರ್ಥ್ಯವು ಅಷ್ಟೇ ಇದ್ದು ವಿಭವಾಂತರವನ್ನು ಹತ್ತು ಪಟ್ಟು ಏರಿಸಿದರೆ, ಪ್ರವಾಹವು ಹತ್ತನೆಯ ಒಂದು ಪಾಲಿಗೂ ಶಾಖದ ನಷ್ಟವು ನೂರನೆಯ ಒಂದು ಪಾಲಿಗೂ ಇಳಿಯುತ್ತದೆ. ಆದುದರಿಂದಲೇ ಅಂದು ಹತ್ತಾರು ಸಾವಿರ ವೋಲ್ಟುಗಳಲ್ಲಿ ಅದನ್ನು ಸಾಗಿಸಿದರು. ನಮ್ಮ ಕಾಳಿ ನದಿಯ ನಾಗಝರಿ ವಿದ್ಯುದಾಗಾರದಿಂದ ಹೊರಡುವ ವಿದ್ಯುತ್ತೂ ಅಧಿಕ ವಿಭವಾಂತರದಲ್ಲಿಯೇ ಪಯಣಿಸುತ್ತದೆ. ಊರಿನ ಪರಿವರ್ತಕಗಳು ಅದನ್ನು ಇಳಿಸಿ ಮನೆಗಳಿಗೆ ಕೊಡುತ್ತವೆ.

ಆ ಸಂಜೆ ವೃದ್ಧರು ಹೀಟರನ್ನು ತೆಗೆಸಿ, ತಕ್ಕ ಫ್ಯೂಜಿನ ತಂತಿಯನ್ನೇ ಕಟ್ಟಿದರು. ಹಂದರ ಬೆಳಗಿತು, ಬೀಗರ ಸ್ನಾನದ ನೀರು ಕಟ್ಟಿಗೆಯ ಒಲೆಯ ಮೇಲೆ ಕಾಯಿತು. ದಪ್ಪ ತಂತಿ ಕಟ್ಟಿದ್ದ ತರುಣನು ಲಗ್ನಪತ್ರಿಕೆಯನ್ನು ಕೈಗೆತ್ತಿಕೊಂಡು ಆ ನಾಲ್ಕು ಸಾಲುಗಳನ್ನು ಎರಡು ಸಲ ಓದಿದನು.

ಇಂದು ಅನೇಕ ಮನೆಗಳಲ್ಲಿ ಫ್ಯೂಜಿನ ಸ್ಥಾನದಲ್ಲಿ ತಾನಾಗಿ ಆರುವ ಎಂ.ಸಿ.ಬಿ. ಸ್ವಿಚ್ಚುಗಳು ಬಂದಿವೆ. ಸಾಧನ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ವಿದ್ಯಾರ್ಥಿಗಳೇ, ತಂತಿಗಳನ್ನು ಮುಟ್ಟುವ ಕೆಲಸ ಬಲ್ಲವರಿಗಿರಲಿ. ಪೆನ್ಸಿಲು ಹಿಡಿಯುವ ಕೆಲಸ ನಿಮ್ಮದಾಗಲಿ. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯ ಮೇಲೆ ನಮೂದಿಸಿದ ವೋಲ್ಟ್, ವ್ಯಾಟ್‌ಗಳನ್ನು ಓದಿ ಅದರ ಪ್ರವಾಹವನ್ನೂ ರೋಧವನ್ನೂ ಇಂದೇ ಕಂಡುಹಿಡಿಯಿರಿ.